ಸಂಸಾರ ಸಮೇತ ಮುಂಬಯಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಈ ಮಾತನ್ನು ಹೇಳಿದವರು ಮುಂಬಯಿಗೆ ಬಂದಿರಲಾರರು. ಬಂದಿದ್ದರೆ ‘ಮುಂಬಯಿಯಲ್ಲಿ ಬಾಡಿಗೆಯ ಮನೆ ಹುಡುಕಿ ನೋಡು’ ಎಂಬ ಮೂರನೆಯ ಪರೀಕ್ಷೆಯನ್ನೂ ಸೇರಿಸುತ್ತಿದ್ದರು. ಅದೂ ಹೆಂಡತಿಯನ್ನೂ ಮೂರು ವರ್ಷದ ಕೂಸನ್ನೂ ಸಂಗಡ ಕರೆದುಕೊಂಡು ಹುಡುಕುವುದಾದರೆ, ಮೊದಲಿನ ಎರಡು ಪರೀಕ್ಷೆಗಳು ಮಕ್ಕಳಾಟವಾಗಿ ತೋರುವುದರಲ್ಲಿ ಸಂದೇಹವಿಲ್ಲ.

ಕನ್ನಡಿಗರು ಮುಂಬಯಿಗೆ ಬರುವುದು ಹೊಸ ಸಂಗತಿಯೇನೂ ಅಲ್ಲ. ಈ ಪತ್ರಿಕೆಯನ್ನು ಓದುವ ಒಂದೊಂದು ಮನೆಯಲ್ಲಿಯೂ ಹಾಗೆ ಬಂದ ಒಬ್ಬ ಅಜ್ಜನೋ ತಂದೆಯೋ ಇದ್ದೇ ಇರುತ್ತಾರೆ. ಆದರೆ ಬರುವ ರೀತಿ ಬದಲಾಗಿದೆ. ಹಿಂದಿನವರು ಒಬ್ಬೊಬ್ಬರೇ ಬಂದರು; ಕೆಲಸ ಹಿಡಿದರು; ಐದೋ ಹತ್ತೋ ವರ್ಷಗಳ ಮೇಲೆ ಸಂಸಾರವನ್ನು ಕರೆಸಿಕೊಂಡರು. ನಾವು ಈಗ ಒಂದೇ ಗಾಡಿಯಲ್ಲಿ ಎಲ್ಲರೂ ಬರುತ್ತೇವೆ. ಮೊದಲು ಕೆಲಸ, ಆಮೇಲೆ ಮನೆ, ಆಮೇಲೆ ಶಾಲೆ ಎಂಬ ಹಿಂದಿನ ಕ್ರಮ ನಮಗಿಲ್ಲ. ಮೂರೂ ಒಂದೇ ವಾರದಲ್ಲಿ ಬೇಕು. ಹಿರಿಯರು ಇಲ್ಲಿ ಏನೇನು ಕಟ್ಟಿಟ್ಟರು, ಹೊಸದಾಗಿ ಬಂದ ಚಿಕ್ಕ ಸಂಸಾರಕ್ಕೆ ಅದರಲ್ಲಿ ಎಷ್ಟು ಒದಗುತ್ತದೆ, ಎಷ್ಟು ಒದಗುವುದಿಲ್ಲ ಎಂಬುದನ್ನು, ಕಂಡಷ್ಟು ಉಂಡಷ್ಟು ಬರೆಯಬೇಕೆಂದು ಮನಸ್ಸಾಯಿತು.

ನಾನು ಕುಮಟೆಯವನು. ನಮ್ಮೂರಿನ ಬಂದರಕ್ಕೂ ಮುಂಬಯಿಗೂ ನಂಟು ಬೆಳೆಸಿದ್ದು ಹತ್ತಿ. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಕ್ಕದಂತಾದಾಗ ಈ ವ್ಯಾಪಾರಕ್ಕೆ ಒಳ್ಳೆಯ ದೆಸೆ ಬಂತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಅದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂದೆ 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳವರಿಗೆ ಮುಂಬಯಿ ರಾಜಧಾನಿಯಾಗಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಹೋದದ್ದು. ನಮ್ಮಜ್ಜ ಮುಂಬಯಿಗೆ ಬಂದಿದ್ದರೆ ರಾಜಧಾನಿಗೆ ಬಂದಂತಾಗುತ್ತಿತ್ತು. ಮೊಮ್ಮಗ ಬಂದರೆ ಪರರಾಜ್ಯಕ್ಕೆ ಬಂದಂತೆ. ಊರು ಅದೇ, ಸಮುದ್ರ ಅದೇ, ಬೇರೆಯಾದದ್ದು ಕಾಗದಪತ್ರ. ಆದರೆ ಕಾಗದಪತ್ರದ ಬೇರೆತನ ಎಂಥದೆಂಬುದು ಕೆಲಸ ಹುಡುಕುವವರಿಗೆ ಗೊತ್ತು. ಆ ಮಾತು ಮುಂದೆ ಬರುತ್ತದೆ.

ಒಂಟಿಯಾಗಿ ಬಂದ ಹುಡುಗನಿಗೆ ಈ ನಗರದಲ್ಲಿ ಒಂದು ದಾರಿ ಸಿದ್ಧವಾಗಿತ್ತು. ಕರಾವಳಿಯ ಹುಡುಗ ಆಗಬೋಟಿನಿಂದ ಇಳಿದು ಕೋಟೆಯ ಕಡೆಗಿದ್ದ ಊರವರ ಹೋಟೆಲನ್ನು ಹುಡುಕಿಕೊಂಡು ಹೋಗುತ್ತಿದ್ದ. ಮೊದಲು ಕಪ್ಪುಬಸಿ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಸಪ್ಲೈಯರ, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆ. ಊಟ ಅಲ್ಲಿಯೇ, ರಾತ್ರಿ ಮೇಜುಗಳನ್ನು ಜೋಡಿಸಿ ನಿದ್ರೆಯೂ ಅಲ್ಲಿಯೇ. ಸಂಜೆಯ ಹೊತ್ತು ಕನ್ನಡ ರಾತ್ರಿಶಾಲೆ. ಹಗಲು ದೋಸೆ ಬಡಿಸಿ ರಾತ್ರಿ ಓದಿ ಮೆಟ್ರಿಕ್ ಮುಗಿಸಿದವರು, ಮುಂದೆ ವಕೀಲರೂ ಬೇಂಕಿನ ಅಧಿಕಾರಿಗಳೂ ಆದವರು ನಮ್ಮ ಸಂಘಗಳ ಹಳೆಯ ಪದಾಧಿಕಾರಿಗಳಲ್ಲಿ ಎಷ್ಟು ಜನ! ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1949ರ ಸುಮಾರಿಗೆ ಇಲ್ಲಿಗೆ ಬಂದು, ಚೌಪಾಟಿಯಲ್ಲಿ ಮಲಗಿ ರಾತ್ರಿ ಕಳೆದು, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದರು. 1967ರಲ್ಲಿ ಅದೇ ನಗರದ ದಕ್ಷಿಣ ಭಾಗದಿಂದ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಚೌಪಾಟಿಯ ಮರಳು ಒಬ್ಬನಿಗೆ ಹಾಸಿಗೆಯಾದೀತು. ಕೂಸನ್ನು ಎತ್ತಿಕೊಂಡವಳನ್ನು ಅಲ್ಲಿ ಮಲಗಿಸಲಾಗುವುದೆ?

ನಮ್ಮವರ ಸಂಸ್ಥೆಗಳೂ ಈ ಒಂಟಿ ಹುಡುಗರ ನಡುವೆಯೇ ಬೆಳೆದವು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ, 1939ರಲ್ಲಿ ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ. ಮಾಟುಂಗಾ ಸ್ಟೇಶನ್ನಿನ ಎದುರಿಗೆ 1942ರಲ್ಲಿ ರಾಮಾ ನಾಯಕರು ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಊರಿನ ಊಟವನ್ನು ಬಾಳೆಲೆಯ ಮೇಲೆ ಬಡಿಸಿತು. ಸಾಹಿತ್ಯದಲ್ಲಿ ನೋಡಿದರೂ ಅಷ್ಟೆ. ನಮ್ಮ ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’ಯ ನಾಗಪ್ಪನೂ ಈ ಮಹಾನಗರದಲ್ಲಿ ಒಂಟಿ ಜೀವವೇ. ಮುಂಬಯಿಯ ಕನ್ನಡಿಗನೆಂದರೆ ಹೆಗಲಿಗೊಂದು ಚೀಲ ಹಾಕಿಕೊಂಡ ಒಬ್ಬ ಗಂಡಸು ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ.

ನಮ್ಮ ಪ್ರಯಾಣ 2022ರ ಜೂನಿನಲ್ಲಿ. ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂಬಯಿಯ ಕೋಟೆ ಭಾಗದ ಒಂದು ಕಚೇರಿಗೆ ಗುಮಾಸ್ತನಾಗಿ ಹಾಜರಾಗಬೇಕೆಂಬ ಆಜ್ಞೆ ನನ್ನ ಕೈಸೇರಿತ್ತು. ಹಿಂದಿನವರು ಆಗಬೋಟಿಗಾಗಿ ಮಳೆಗಾಲ ಮುಗಿಯುವುದನ್ನು ಕಾಯಬೇಕಾಗಿತ್ತು. ಬಸ್ಸಿನಲ್ಲಾದರೆ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆ ಎಂದು ಸುತ್ತಬೇಕಾಗಿತ್ತು. ನಮಗೆ ಕೊಂಕಣ ರೈಲ್ವೆ ಉಂಟು. ರೋಹಾದಿಂದ ಮಂಗಳೂರಿನ ವರೆಗೆ ಸುಮಾರು 740 ಕಿಲೋಮೀಟರ ಉದ್ದದ ಈ ದಾರಿ 1998ರಲ್ಲಿ ಪೂರ್ತಿಯಾಯಿತು. ಮಧ್ಯಾಹ್ನ ಮಂಗಳೂರು ಬಿಟ್ಟ ಮತ್ಸ್ಯಗಂಧಾ ಗಾಡಿ ಇಳಿಹೊತ್ತಿಗೆ ಕುಮಟೆಗೆ ಬಂದು, ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ ಇಳಿಸುತ್ತದೆ. ಎರಡು ಟಿಕೇಟು, ಟಿಕೇಟು ಬೇಡದ ಒಂದು ಮಗು, ನಾಲ್ಕು ಚೀಲ, ಒಂದು ಕುಕ್ಕರು, ಅತ್ತೆಯವರು ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯ ಡಬ್ಬಿ. ಗಾಡಿ ಹೊರಟ ಮೇಲೆ ನನ್ನಾಕೆ ಕಿಟಕಿಯ ಹೊರಗೆ ನೋಡುತ್ತ ಒಂದು ಮಾತು ಹೇಳಿದಳು: “ನಿಮ್ಮ ಕೆಲಸ ನಿಮ್ಮ ಸಂಗಡವೇ ಗಾಡಿ ಹತ್ತಿತು. ನನ್ನದು ಕುಮಟೆಯ ಸ್ಟೇಶನ್ನಿನಲ್ಲಿಯೇ ಉಳಿಯಿತು.” ಅವಳು ಬಿ.ಎ., ಡಿ.ಎಡ್. ಮಾಡಿಕೊಂಡು ನಮ್ಮೂರ ಖಾಸಗಿ ಶಾಲೆಯಲ್ಲಿ ಮೂರು ವರ್ಷ ಕಲಿಸಿದವಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಲುಂಡಿನಲ್ಲಿ ದೂರದ ಸಂಬಂಧದ ಮಾವನವರೊಬ್ಬರಿದ್ದಾರೆ. ಒಂದು ಕೋಣೆ, ಒಂದು ಅಡಿಗೆಮನೆ. ಅವರೇ ಐದು ಜನ, ನಾವು ಮೂವರು. ಹದಿನೈದು ದಿನ ಅಲ್ಲಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಲ್ಲಿ ಅಕ್ಷರಶಃ ಪಾಲಿಸಿದೆವು. ಆ ಮನೆಯವರ ಮುಖದಲ್ಲಿ ಒಂದು ದಿನವೂ ಬೇಸರ ಕಾಣಲಿಲ್ಲ. ಮಾವನವರು ಮೊದಲ ದಿನವೇ ಹೇಳಿದರು: “ತಮಾ, ಇಲ್ಲಿ ಮನೆ ನೋಡುವ ಮೊದಲು ರೈಲು ನೋಡು. ಗಾಡಿ ಹೊರಡುವ ಸ್ಟೇಶನ್ನಾದರೆ ಕೂತು ಹೋಗಬಹುದು. ನಡುವಿನದಾದರೆ ನಿಂತು ಹೋಗಬೇಕು. ಇಪ್ಪತ್ತೈದು ವರ್ಷ ನಿಂತು ಹೋಗಿದ್ದೇನೆ, ಅದಕ್ಕೆ ಹೇಳುತ್ತೇನೆ.”

ಸರಕಾರಿ ನೌಕರನಿಗೆ ವಸತಿ ಇಲ್ಲವೇ ಎಂದು ಕೇಳುವಿರಿ. ಅಂಟಾಪ್ ಹಿಲ್ಲಿನಲ್ಲಿ, ಘಾಟಕೋಪರದಲ್ಲಿ ಕೇಂದ್ರ ಸರಕಾರದ ನೌಕರರ ವಸಾಹತುಗಳಿವೆ. ಆದರೆ ಅಲ್ಲಿಗೂ ಸರದಿಯುಂಟು. ಆ ವರೆಗೆ ಸಿಗುವುದು ಬಾಡಿಗೆಯ ಭತ್ಯೆ. ನನ್ನ ಮೂಲವೇತನ 25,500 ರೂಪಾಯಿ. ಮುಂಬಯಿಯಂಥ ನಗರಕ್ಕೆ ಆಗ ಭತ್ಯೆ ನೂರಕ್ಕೆ 27. ಎಂದರೆ 6,885 ರೂಪಾಯಿ. 2024ರ ಜನವರಿಯಿಂದ ಅದು ನೂರಕ್ಕೆ 30 ಆಗಿದೆ. ಈ ಹಣವನ್ನು ಹಿಡಿದುಕೊಂಡು ಮಾಟುಂಗಾದಿಂದ ಹುಡುಕಲು ಮೊದಲು ಮಾಡಿದೆ. ಕನ್ನಡಿಗನು ಮಾಟುಂಗಾದಿಂದಲೇ ಮೊದಲು ಮಾಡುವುದು ವಾಡಿಕೆ. ಕಿಂಗ್ಸ್ ಸರ್ಕಲಿನ ಸುತ್ತ ಮಲ್ಲಿಗೆಯ ದಂಡೆ, ಬಾಳೆಲೆ, ಫಿಲ್ಟರ ಕಾಫಿಯ ವಾಸನೆ. ಒಂದು ಗಳಿಗೆ ಊರಿನಲ್ಲಿಯೇ ಇದ್ದಂತಾಯಿತು. ದಲಾಲನು ಬಾಡಿಗೆ ಹೇಳಿದೊಡನೆ ಆ ಭ್ರಮೆ ಹಾರಿಹೋಯಿತು. ಕುರ್ಲಾ, ಘಾಟಕೋಪರ, ಭಾಂಡುಪ, ಠಾಣೆ ಎಂದು ಒಂದೊಂದು ಸ್ಟೇಶನ್ನು ಹಿಂದೆ ಸರಿದಂತೆ ಬಾಡಿಗೆ ಇಳಿಯುತ್ತಿತ್ತು, ಪ್ರಯಾಣ ಏರುತ್ತಿತ್ತು. ಮುಂಬಯಿಯಲ್ಲಿ ಬಾಡಿಗೆಯನ್ನು ರೂಪಾಯಿಯಲ್ಲಿ ಕೊಡದಿದ್ದರೆ ನಿಮಿಷಗಳಲ್ಲಿ ಕೊಡಬೇಕೆಂಬುದು ಆಗ ತಿಳಿಯಿತು.

ಹೀಗೆ ಹಿಂದೆ ಸರಿಯುತ್ತ ಸರಿಯುತ್ತ ನಾವು ನಿಂತದ್ದು ಡೊಂಬಿವಲಿಯಲ್ಲಿ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ 48 ಕಿಲೋಮೀಟರ. ಸ್ಟೇಶನ್ನಿನ ಪೂರ್ವಕ್ಕೆ, ಹಳೆಯ ಮೂರು ಮಹಡಿಯ ಕಟ್ಟಡದಲ್ಲಿ ಒಂದು ಖೋಲಿ, ಒಂದು ಅಡಿಗೆಮನೆ. ಕರಾರು ಹನ್ನೊಂದು ತಿಂಗಳಿನದು. ಮುಂಗಡ ಠೇವಣಿ ಬೇರೆ, ದಲಾಲನಿಗೆ ಒಂದು ತಿಂಗಳ ಬಾಡಿಗೆ ಬೇರೆ. ಹೊಸಬರಿಗೆ ಒಂದು ಮಾತು: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಈ ಕರಾರು ಬರವಣಿಗೆಯಲ್ಲಿರಬೇಕು, ರಜಿಸ್ಟರ ಆಗಿರಬೇಕು, ರಜಿಸ್ಟರ ಮಾಡಿಸುವ ಹೊಣೆ ಮನೆಯ ಒಡೆಯನದು. ಆ ಕಾಗದವಿದ್ದರೆ ಗ್ಯಾಸು, ಬೇಂಕು, ಶಾಲೆ ಎಲ್ಲಕ್ಕೂ ವಿಳಾಸದ ಸಾಕ್ಷಿ ಸಿಕ್ಕಿದಂತೆ. ಇಲ್ಲದಿದ್ದರೆ ಇದ್ದ ಊರಿನಲ್ಲಿಯೇ ನೀವು ಇಲ್ಲದವರು.

ಡೊಂಬಿವಲಿಯ ಬೆಳಗು ನೀರಿನಿಂದ ಆರಂಭವಾಗುತ್ತದೆ. ನಲ್ಲಿ ಬರುವ ಹೊತ್ತಿಗೆ ಇಡೀ ಕಟ್ಟಡವೇ ಎದ್ದಿರುತ್ತದೆ. ಆರು ಗಂಟೆಗೆಲ್ಲ ಸ್ಟೇಶನ್ನಿನ ಸೇತುವೆಯ ಮೇಲೆ ಜನದ ಹೊಳೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು. ಯಾರೂ ಓಡುವುದಿಲ್ಲ, ಆದರೆ ಯಾರೂ ನಡೆಯುವುದೂ ಇಲ್ಲ. ಮಾವನವರು ಹೇಳಿದಂತೆ ಇಲ್ಲಿಂದಲೇ ಹೊರಡುವ ಗಾಡಿಗಳಿವೆ. ಹದಿನೈದು ನಿಮಿಷ ಮೊದಲೇ ಹೋದರೆ ಕೂರಲು ಜಾಗ ಸಿಗುತ್ತದೆ. ದಿವಾ, ಮುಂಬ್ರಾ ದಾಟುವಾಗ ಒಂದು ಕಡೆ ಗುಡ್ಡ, ಒಂದು ಕಡೆ ಖಾಡಿಯ ನೀರು, ಕಾಂಡ್ಲ ಗಿಡಗಳ ಹಸಿರು. ಆಷಾಢದ ಮಳೆಯಲ್ಲಿ ಅದನ್ನು ನೋಡಿದರೆ ಅಘನಾಶಿನಿಯ ಅಳಿವೆ ನೆನಪಾಗದೆ ಇರದು. ದಿವಾದಿಂದ ಪನವೇಲದ ಕಡೆಗೆ ಒಡೆದು ಹೋಗುವ ಹಳಿಯೇ ನಮ್ಮೂರಿನ ಹಳಿ. ದಿನಕ್ಕೆರಡು ಸಲ ಅದನ್ನು ನೋಡಿಕೊಂಡು ಹೋಗುತ್ತೇನೆ. ಗಾಡಿಯಲ್ಲಿ ಇಸ್ಪೀಟಿನ ಮಂಡಳಿ, ಭಜನೆಯ ಮಂಡಳಿ, ನಿದ್ರೆಯ ಮಂಡಳಿ ಎಂದು ಪಂಗಡಗಳಿವೆ. ನಾನು ಮೂರನೆಯದರ ಸದಸ್ಯ. ಮನೆ ಬಿಟ್ಟು ಮನೆ ಸೇರುವುದರೊಳಗೆ ಹನ್ನೆರಡು ತಾಸು. ಮೂರು ವರ್ಷದ ಮಗಳು ನನ್ನನ್ನು ಎಚ್ಚರದಲ್ಲಿ ನೋಡುವುದು ರವಿವಾರ ಮಾತ್ರ ಎಂಬಂತಾಯಿತು.

ಇಷ್ಟಾದ ಮೇಲೆ ನನ್ನಾಕೆಯ ಕೆಲಸದ ಮಾತು. ಭತ್ಯೆಯೂ ಸಂಬಳವೂ ಕೂಡಿ ಬಾಡಿಗೆ, ಊರಿಗೆ ಕಳಿಸುವ ಹಣ, ಹಾಲು, ಔಷಧ ಇಷ್ಟಕ್ಕೆ ಸರಿಹೋಗುತ್ತಿತ್ತು; ತಿಂಗಳ ಕೊನೆಯ ವಾರ ಉಳಿದುಬಿಡುತ್ತಿತ್ತು. ಅವಳು ಹುಡುಕಲು ಹೊರಟಳು. ಮೊದಲು ಕನ್ನಡ ಶಾಲೆಗಳು. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ದೊಡ್ಡ ಔದಾರ್ಯವಿದು. ಆದರೆ ಕಲಿಯುವ ಮಕ್ಕಳು ಇಳಿಯುತ್ತ ಬಂದರೆ ಕಲಿಸುವವರು ಹೊಸದಾಗಿ ಯಾಕೆ ಬೇಕು? ಒಂದು ಶಾಲೆಯ ಹಿರಿಯ ಶಿಕ್ಷಕರು ಬಹು ಸಮಾಧಾನದಿಂದ, “ತಂಗಿ, ಇರುವ ನಾವು ನಿವೃತ್ತರಾಗುವ ತನಕ ಮಕ್ಕಳು ಉಳಿದರೆ ಸಾಕೆಂದು ದೇವರಲ್ಲಿ ಬೇಡುತ್ತಿದ್ದೇವೆ” ಎಂದರಂತೆ. ಇನ್ನು ಅನುದಾನಿತ ಶಾಲೆಗಳಿಗೆ 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಅವಳು ಕರ್ನಾಟಕದಲ್ಲಿ ತೇರ್ಗಡೆಯಾದದ್ದು ಇಲ್ಲಿಗೆ ಸಾಲದು. ರಾಜ್ಯ ಸರಕಾರದ ಬಹಳಷ್ಟು ಹುದ್ದೆಗಳಿಗೆ ಅಧಿವಾಸದ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ ಮಹಾರಾಷ್ಟ್ರದಲ್ಲಿ ಹದಿನೈದು ವರ್ಷಗಳ ವಾಸ ತೋರಿಸಬೇಕು. ಕಾಗದಪತ್ರದ ಬೇರೆತನವೆಂದು ಮೇಲೆ ಹೇಳಿದೆನಲ್ಲ, ಅದು ಇದೇ.

ಆ ಮಳೆಗಾಲದಲ್ಲಿ ಅವಳು ಮಗುವನ್ನು ಎತ್ತಿಕೊಂಡು ಕುರ್ಲಾದಲ್ಲಿ ಗಾಡಿ ಬದಲಿಸಿ ವಡಾಲಕ್ಕೂ, ನಿಧಾನದ ಗಾಡಿ ಹಿಡಿದು ಮಾಟುಂಗಾಕ್ಕೂ ಎಷ್ಟೋ ಸಲ ಹೋಗಿಬಂದಳು. ಹೆಂಗಸರ ಡಬ್ಬಿಯಲ್ಲಿ ಜಾಗ ಬಿಟ್ಟುಕೊಟ್ಟವರು, ಮಗುವಿಗೆ ಬಿಸ್ಕೀಟು ಕೊಟ್ಟವರು, ನಿಂತಲ್ಲಿಯೇ ಮೆಂತೆಸೊಪ್ಪು ಬಿಡಿಸುತ್ತ ‘ಎಲ್ಲಿ ಕೆಲಸ ಖಾಲಿಯಿದೆ’ ಎಂದು ಹೇಳಿದವರು ಅವಳ ಮೊದಲ ಗೆಳತಿಯರು. ಮಧ್ಯ ರೈಲ್ವೆಯ ಮಾಟುಂಗಾ ಸ್ಟೇಶನ್ನನ್ನು 2017ರಿಂದ ಪೂರ್ತಿಯಾಗಿ ಹೆಂಗಸರೇ ನಡೆಸುತ್ತಿದ್ದರು. ಟಿಕೇಟಿನ ಕಿಟಕಿಯಿಂದ ಹಿಡಿದು ಸ್ಟೇಶನ್ ಮಾಸ್ತರರ ಕೋಣೆಯ ವರೆಗೆ ಅವರೇ. ಅದನ್ನು ನೋಡಿ ಬಂದ ದಿನ ಅವಳ ಮುಖದಲ್ಲಿ ಒಂದು ಕಳೆಯಿತ್ತು. ಆದರೆ ಕೆಲಸ ಸಿಕ್ಕಲಿಲ್ಲ. ಗಣೇಶ ಚೌತಿಯ ಹೊತ್ತಿಗೆ ಮನೆಯಲ್ಲಿ ಬೇರೆ ಲೆಕ್ಕ ಶುರುವಾಯಿತು. ಅವಳೂ ಮಗುವೂ ಕುಮಟೆಗೆ ಹೋಗುವುದು, ಹಳೆಯ ಶಾಲೆಯನ್ನೇ ಸೇರುವುದು; ನಾನು ಯಾರ ಜೊತೆಯಲ್ಲಾದರೂ ಒಂದು ಖೋಲಿಯಲ್ಲಿ ಇದ್ದುಕೊಂಡು ಹಣ ಕಳಿಸುವುದು. ಲೆಕ್ಕದಲ್ಲಿ ಅದೇ ಸರಿಯಾಗಿ ಕಾಣುತ್ತಿತ್ತು. ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೆ? ದೀಪಾವಳಿಯ ತನಕ ನೋಡೋಣ, ಆಮೇಲೆ ಟಿಕೇಟು ಎಂದು ಗೊತ್ತುಮಾಡಿಕೊಂಡೆವು.

ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ವಿಜಾಪುರದ ಕಡೆಯ ಒಬ್ಬ ಮುದುಕಿಯಿದ್ದಾರೆ. ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಾರೆ. ಅವರ ಯಜಮಾನರು ಲಾಲಬಾಗದ ಗಿರಣಿಯಲ್ಲಿದ್ದವರು. ಹನ್ನೆರಡು ಜನರ ಖೋಲಿ; ಒಂದು ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ಇನ್ನೊಂದು ಪಾಳಿಯವರು ಮಲಗಬೇಕು. ದೊಡ್ಡವ್ವ ಊರಿನಲ್ಲಿ ಎಂಟು ವರ್ಷ ಕಾದು, ಆಮೇಲೆ ಬಂದರು. ಬಂದು ಹೆಚ್ಚು ಕಾಲವಾಗಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿಗಳ ಮುಷ್ಕರ ಮೊದಲಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಯಜಮಾನರು ಡೊಂಬಿವಲಿಯ ಕಾರಖಾನೆಯೊಂದರ ಬಾಗಿಲು ಕಾಯುವ ಕೆಲಸ ಹಿಡಿದರು, ದೊಡ್ಡವ್ವ ರೊಟ್ಟಿ ಬಡಿದು ಮಾರಿದರು. ನಮ್ಮ ಲೆಕ್ಕದ ಸುದ್ದಿ ಅವರ ಕಿವಿಗೂ ಬಿತ್ತು.

“ಏನವ್ವಾ ತಂಗಿ, ಊರಿಗೆ ಹೊಂಟೀಯಂತ?” ಎಂದು ಬಾಗಿಲಲ್ಲಿಯೇ ಕೇಳಿದರು.

“ಇಲ್ಲಿ ಕೆಲಸ ಸಿಗಲಿಲ್ಲ ದೊಡ್ಡವ್ವ.”

“ಎಂಟು ವರ್ಷ ನಾ ಊರಾಗಿದ್ದೆ. ಹಿರೀ ಮಗ ಅವರಪ್ಪನ್ನ ‘ಮಾವಾ’ ಅಂತ ಕರದ. ಯಾರೋ ಬಂದಾರ ಅಂತ ತಿಳಕೊಂಡ. ನೀ ಸಾಲಿ ಅಕ್ಕೋರಲ್ಲೇನು? ಇಲ್ಲೇ ಹುಡುಗರು ಭಾಳ ಅದಾವ. ಕೆಲಸ ಸಿಗೂ ಮಟ ಇವನ್ನ ಕೂಡಿಸ್ಕೊಂಡು ಕಲಸು.”

ಇಲ್ಲಿ ಒಂದು ವಿಷಯ ಹೇಳಬೇಕು. ಸಂಸಾರ ಸಮೇತ ಬರುವುದು ಹೊಸ ರೀತಿ ಎಂಬ ಮಾತು ಅರ್ಜಿ, ಆಜ್ಞೆಗಳನ್ನು ಹಿಡಿದು ಬರುವ ನಮ್ಮಂಥವರಿಗೆ ಸಲ್ಲುವುದು. ಗುದ್ದಲಿ ಬುಟ್ಟಿ ಹಿಡಿದು ಬರುವವರು ಮೊದಲಿನಿಂದಲೂ ಸಂಸಾರ ಸಮೇತವೇ ಬರುತ್ತಾರೆ. ಕಲಬುರ್ಗಿ, ವಿಜಾಪುರದ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಮನೆಗೆ ಕೀಲಿ ಹಾಕಿ, ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬಂದು, ಏಳುತ್ತಿರುವ ಕಟ್ಟಡದ ಬುಡದಲ್ಲಿಯೇ ತಗಡಿನ ಬಿಡಾರ ಹೂಡುತ್ತಾರೆ. ಅವರ ಮಕ್ಕಳೇ ದೊಡ್ಡವ್ವ ತೋರಿಸಿದ ಹುಡುಗರು. ನನ್ನಾಕೆ ಮರುದಿನದಿಂದಲೇ ದೊಡ್ಡವ್ವನ ಪಡಸಾಲೆಯಲ್ಲಿ ಎಂಟು ಮಕ್ಕಳನ್ನು ಕೂಡಿಸಿಕೊಂಡಳು. ಕನ್ನಡದಲ್ಲಿ ಮಾತನಾಡುವ, ಕನ್ನಡ ಬರೆಯಲು ಬಾರದ ಮಕ್ಕಳು. ಹಣ ಬರಲಿಲ್ಲ, ಒಂದೆರಡು ಮನೆಯಿಂದ ಜೋಳದ ರೊಟ್ಟಿ ಬಂತು. ಆದರೆ ಅವಳಿಗೆ ‘ಅಕ್ಕೋರು’ ಎಂಬ ಹೆಸರು ಮರಳಿ ಬಂತು. ಅದರ ಬೆಲೆ ನನಗಿಂತ ಅವಳಿಗೆ ಹೆಚ್ಚು ಗೊತ್ತು.

ಆ ಪಡಸಾಲೆಯ ಪಕ್ಕದಲ್ಲಿ ಒಬ್ಬ ಮರಾಠಿ ಹೆಂಗಸಿನ ಪಾಳಣಾಘರವಿದೆ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಯ ಮಕ್ಕಳನ್ನು ಹಗಲು ನೋಡಿಕೊಳ್ಳುವ 그 ಮನೆಗೆ ಇಲ್ಲಿ ಹಾಗೆ ಹೆಸರು. ಎಲ್ಲರಿಗೂ ಅವರು ಕಾಕು. ಮಕ್ಕಳನ್ನು ಸುಮ್ಮನಿರಿಸುವ ಅಕ್ಕೋರ ಬಗೆಯನ್ನು ಗೋಡೆಯಾಚೆಯಿಂದ ಕೇಳಿದ ಕಾಕು, ತಮಗೆ ಪರಿಚಯದ ಒಂದು ಬಾಲವಾಡಿಯ ಮುಖ್ಯ ಬಾಯಿಯವರಿಗೆ ಹೇಳಿದರು. ಆ ಬಾಯಿಯವರು ಪ್ರಮಾಣಪತ್ರಗಳನ್ನು ಪಕ್ಕಕ್ಕಿಟ್ಟು, ಅಳುತ್ತಿದ್ದ ಇಪ್ಪತ್ತು ಮಕ್ಕಳ ಕೋಣೆಗೆ ಅವಳನ್ನು ಅರ್ಧ ತಾಸು ಬಿಟ್ಟರಂತೆ. ದೀಪಾವಳಿಗೆ ಹತ್ತು ದಿನವಿರುವಾಗ ಕೆಲಸ ಸಿಕ್ಕಿತು. ಸಂಬಳ ಸಣ್ಣದು, ಅದರಲ್ಲಿ ಮೂರರಲ್ಲೊಂದು ಪಾಲು ಪಾಳಣಾಘರಕ್ಕೆ. ಆದರೂ ತಿಂಗಳ ಕೊನೆಯ ವಾರ ದಾಟಲು ಅದು ಸಾಕು. ಶಾಲೆಗೆ ಹತ್ತು ನಿಮಿಷದ ನಡಿಗೆ. ದೀಪಾವಳಿಗೆ ಊರಿಗೆ ಹೋದೆವು, ಮೂವರೂ ಮರಳಿ ಬಂದೆವು. ಈಗ ಅವಳು ಕಾಕುವಿನ ಹತ್ತಿರ ಮರಾಠಿ ಓದುಬರಹ ಕಲಿತು ಇಲ್ಲಿಯ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಳೆ.

ಮಗಳು ಈಗ ಒಂದನೆಯ ಇಯತ್ತೆಯಲ್ಲಿದ್ದಾಳೆ, ಇಂಗ್ಲಿಷ್ ಮಾಧ್ಯಮ. ಮಹಾರಾಷ್ಟ್ರದಲ್ಲಿ 2020ರ ಕಾಯಿದೆಯ ಪ್ರಕಾರ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಲಿಸಬೇಕು. ಅದು ಅವಳಿಗೆ ಕಷ್ಟವಿಲ್ಲ, ಕಾಕುವಿನ ಮಡಿಲಲ್ಲಿಯೇ ಅರ್ಧ ಕಲಿತಿದ್ದಾಳೆ. “ಅಮ್ಮಾ, ಲವಕರ ಬಾ” ಎಂದು ಎರಡು ಭಾಷೆಗಳನ್ನು ಒಂದೇ ತುತ್ತಿನಲ್ಲಿ ನುಂಗುತ್ತಾಳೆ. ಕನ್ನಡ ಅಕ್ಷರ ಮಾತ್ರ ರವಿವಾರ, ದೊಡ್ಡವ್ವನ ಪಡಸಾಲೆಯಲ್ಲಿ, ತಗಡಿನ ಬಿಡಾರದ ಮಕ್ಕಳ ಜೊತೆಯಲ್ಲಿ. ಅವರಲ್ಲಿ ಕೆಲವರು ಕಟ್ಟಡ ಮುಗಿದೊಡನೆ ಬೇರೆ ಕಡೆಗೆ ಹೋಗಿಬಿಡುತ್ತಾರೆ; ‘ಅ’ದಿಂದ ‘ಳ’ದ ವರೆಗೆ ಮುಟ್ಟುವವರು ಕಡಿಮೆ. ಮುಟ್ಟಿದವರು ಊರಿಗೆ ಹೋದಾಗ ಬಸ್ಸಿನ ಹಲಗೆ ಓದುತ್ತಾರೆಂದು ಅವರ ತಾಯಂದಿರು ಬಂದು ಹೇಳುತ್ತಾರೆ.

ನಮ್ಮ ಸಂಘಗಳ ಹಿರಿಯರಲ್ಲಿ ಒಂದು ವಿನಂತಿ. ನೀವು ಒಂಟಿಯಾಗಿ ಬಂದಿರಿ. ನಿಮಗೆ ಬೇಕಾದ ರಾತ್ರಿಶಾಲೆಯನ್ನೂ ಊಟದ ಮನೆಯನ್ನೂ ಸಭಾಗೃಹವನ್ನೂ ಕಟ್ಟಿಕೊಂಡಿರಿ. ಆ ಸಭಾಗೃಹಗಳು ಇಂದು ವಾರದಲ್ಲಿ ಐದು ಹಗಲು ಖಾಲಿಯಿರುತ್ತವೆ. ಅಲ್ಲಿ ಒಂದು ಪಾಳಣಾಘರ ನಡೆದರೆ ಎಷ್ಟೋ ಸೊಸೆಯಂದಿರು ಕೆಲಸಕ್ಕೆ ಹೋದಾರು. ಹೊಸದಾಗಿ ಬಂದ ಹೆಂಗಸರಿಗೆ ವಾರಕ್ಕೆ ಎರಡು ದಿನ ಮರಾಠಿ ಪಾಠ ಇಟ್ಟರೆ ಮೊದಲ ಆರು ತಿಂಗಳ ಮೂಕತನ ತಪ್ಪೀತು. ಬಾಡಿಗೆಯ ಕರಾರು, ಶಾಲೆಯ ಪ್ರವೇಶ, ಅರ್ಹತಾ ಪರೀಕ್ಷೆ ಇವುಗಳ ವಿಚಾರ ಗೊತ್ತಿದ್ದ ಒಬ್ಬ ನಿವೃತ್ತರು ರವಿವಾರ ಒಂದು ತಾಸು ಕುಳಿತರೆ ಹೊಸ ಸಂಸಾರಕ್ಕೆ ದಲಾಲನಿಗಿಂತ ಹೆಚ್ಚಿನ ಉಪಕಾರ. ಇದಕ್ಕೆ ದೊಡ್ಡ ದೇಣಿಗೆ ಬೇಡ, ಫ್ಯಾನು ಬೆಳಕಿನ ಖರ್ಚು ಸಾಕು.

ಊರಿನಿಂದ ಹೊರಡುವ ಸಿದ್ಧತೆಯಲ್ಲಿರುವವರಿಗೂ ಎರಡು ಮಾತು. ಹೆಂಡತಿಯ ಪ್ರಮಾಣಪತ್ರಗಳನ್ನು ನಿಮ್ಮವುಗಳ ಜೊತೆಯಲ್ಲಿಯೇ ಕಟ್ಟಿಕೊಳ್ಳಿ. ಮುಂಬಯಿಯಲ್ಲಿ ಒಂದು ಸಂಬಳದ ಮೇಲೆ ಮೂವರು ನಿಲ್ಲುವುದು ಕಷ್ಟ. ಮಕ್ಕಳ ಶಾಲೆ ಜೂನಿನಲ್ಲಿ ತೆರೆದರೂ ಪ್ರವೇಶದ ಗಡಿಬಿಡಿ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ, ಆದ್ದರಿಂದ ಚಳಿಗಾಲದಲ್ಲಿಯೇ ವಿಚಾರಿಸಿ. ಡೊಂಬಿವಲಿಯ ಕಡೆಗೆ ಬರುವುದಾದರೆ ಸ್ಟೇಶನ್ನಿನ ಪೂರ್ವಕ್ಕೆ ಬಂದು ದೊಡ್ಡವ್ವನ ಮನೆ ಎಲ್ಲಿ ಎಂದು ಕೇಳಿ. ರವಿವಾರವಾದರೆ ಮಕ್ಕಳ ದನಿಯೇ ದಾರಿ ತೋರಿಸುತ್ತದೆ. ಚಾಪೆಯ ಮೇಲೆ ಇನ್ನೂ ಮೂರು ನಾಲ್ಕು ಮಕ್ಕಳಿಗೆ ಜಾಗವಿದೆ.